ಪೂಜೆಗೆ ಇಡದ ಕ್ಯಾಮೆರಾ

ಆಯುಧಪೂಜೆಯ ಬೆಳಿಗ್ಗೆ ನನ್ನ ಪುಟ್ಟ ಕ್ಯಾಮೆರಾವನ್ನು ಪೂಜೆಗೆ ಇಡಲು ಹೋದರೆ, ವರ್ಕ್‌ಶಾಪಿನ ಒಡತಿ ಗೌರಮ್ಮನವರು ನಕ್ಕುಬಿಟ್ಟರು.

"ಭಾವನಾ, ಇದೇನ್ ಆಯುಧಾನಾ? ಹಾಬಿಗೆ ಇಟ್ಕೊಂಡಿರೋದು. ಬ್ಯಾಗಲ್ಲಿ ಹಾಕ್ಕೊಳಮ್ಮ."

ನನಗೆ ಮೈಯೆಲ್ಲ ಉರಿಯಿತು. ಪೀಣ್ಯದ ಈ ಶೆಡ್ಡಿನಲ್ಲಿ ಸ್ಪ್ಯಾನರಿಗೆ ಕುಂಕುಮ, ಎಣ್ಣೆ ಡಬ್ಬಿಗೆ ಕುಂಕುಮ, ಗೇಟಿನ ಬೀಗಕ್ಕೂ ಚೆಂಡುಹೂ. ನನ್ನ ಕ್ಯಾಮೆರಾ ಏನು ಪಾಪ ಮಾಡಿತ್ತು? ನಿಜ, ನಾನಿಲ್ಲಿ ಬಿಡಿಭಾಗಗಳ ಅಳತೆ ನೋಡುವವಳು, ಫೋಟೊಗೆ ಯಾರೂ ಸಂಬಳ ಕೊಡುವುದಿಲ್ಲ. ಕ್ಯಾಮೆರಾವನ್ನು ಬ್ಯಾಗಿಗೆ ಹಾಕಿಕೊಂಡೆ.

ಅಂದು ಗದಿಗೆಪ್ಪಣ್ಣನ ಕೆಲಸದ ಕೊನೆಯ ದಿನ. ಮೂವತ್ತೊಂದು ವರ್ಷ ಒಂದೇ ಲೇತ್ ಮೆಷಿನ್ನಿನ ಮುಂದೆ ನಿಂತವರು, ಸಂಜೆಯ ರೈಲಿಗೆ ರಾಣೆಬೆನ್ನೂರಿಗೆ ಹೊರಡುವವರಿದ್ದರು. ಹಬ್ಬ ಕಳೆದರೆ ಲೇತ್ ಗುಜರಿಗೆ. ಅದರ ಪಕ್ಕ ನಿಂತು, ಗೋಡೆಗೆ ಹಾಕುವಂಥ ಒಂದು ಫೋಟೊ ಬೇಕೆಂದು ಕೇಳಿದ್ದರು. ಬೇರೇನೂ ಕೇಳಿರಲಿಲ್ಲ. ಅದಕ್ಕೇ ಗೌರಮ್ಮನವರು ಸ್ಟುಡಿಯೊದ ಋಷಿಕೇಶನನ್ನು ಕರೆಸಿದ್ದರು.

ಅವನ ಲೆನ್ಸೇ ಮೊಳದುದ್ದ. ನನ್ನ ಬ್ಯಾಗಿನೊಳಗೆ ಇಣುಕಿ, "ಮೇಡಂ, ಇದ್ರಲ್ಲಿ ಇನ್ನೂ ಫೋಟೊ ಬರುತ್ತಾ?" ಎಂದ. ಆಮೇಲೆ ತನ್ನ ಕ್ಯಾಮೆರಾವನ್ನು ಭಕ್ತಿಯಿಂದ ಲೇತಿನ ಮೇಲಿಟ್ಟ. ಗೌರಮ್ಮನವರೇ ಅದಕ್ಕೆ ಕುಂಕುಮ ಹಚ್ಚಿದರು. ಮಂಗಳಾರತಿಯಾಯಿತು, ಬೂದುಗುಂಬಳ ಒಡೆದದ್ದಾಯಿತು. ಅವನು ಕ್ಯಾಮೆರಾಕ್ಕೆ ಕೈ ಹಾಕಿದ.

"ಅಯ್ಯಯ್ಯೋ, ಮುಟ್ಬೇಡಪ್ಪಾ! ಪೂಜೆಗೆ ಇಟ್ಟಿದ್ದು ನಾಳೆವರ್ಗೂ ಮುಟ್ಟಂಗಿಲ್ಲ."

"ಅಮ್ಮ, ಐದೇ ನಿಮಿಷ…"

"ಐದು ನಿಮಿಷಾನೂ ಇಲ್ಲ. ನಮ್ಮಲ್ಲಿ ಒಂದು ಸ್ಪ್ಯಾನರ್ ಕೂಡ ಮುಟ್ಟಲ್ಲ."

ಋಷಿಕೇಶ ಪೆಚ್ಚಾಗಿ ಮೊಬೈಲ್ ತೆಗೆದ. ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ ನಿಂತಿದ್ದ ಗದಿಗೆಪ್ಪಣ್ಣ, "ಇರ್ಲಿ ಬಿಡ್ರಿ" ಎಂದರು. ನಾನು ಬ್ಯಾಗಿನಿಂದ ಕ್ಯಾಮೆರಾ ತೆಗೆದೆ.

"ಅಮ್ಮ, ನಂದು ಆಯುಧ ಅಲ್ವಲ್ಲ, ನಾನು ತೆಗೀಬಹುದಾ?" ಎಂದೆ. ಕೊಂಕಿನಿಂದಲೇ ಕೇಳಿದೆ, ಸುಳ್ಳೇಕೆ ಹೇಳಲಿ.

ಗೌರಮ್ಮನವರು ಎತ್ತಲೋ ನೋಡುತ್ತ, "ತೆಗಿಯಮ್ಮ" ಎಂದರು.

ಗದಿಗೆಪ್ಪಣ್ಣನನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನಿಲ್ಲಿಸಿದೆ. ಕೈ ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ.

"ದಿನಾ ಎಲ್ಲಿಡ್ತಿದ್ರೋ ಅಲ್ಲೇ, ಅಣ್ಣ."

ಕೈ ತಾನಾಗಿ ಲೇತಿನ ಹಿಡಿಯತ್ತ ಹೋಯಿತು. ಪೂಜೆ ನೆನಪಾಗಿ, ಮುಟ್ಟದೆ, ಹಿಡಿಯಿಂದ ಒಂದು ಬೆರಳಷ್ಟು ಮೇಲೆಯೇ ನಿಂತಿತು. ಆಗ ಕ್ಲಿಕ್ಕಿಸಿದೆ.

ಚಿಕ್ಕ ಪರದೆಯಲ್ಲಿ ತೋರಿಸಿದೆ. ಬಹಳ ಹೊತ್ತು ನೋಡಿ ಕಣ್ಣೊರೆಸಿಕೊಂಡರು.

"ಊರಿಗೆ ಕಳಸವ್ವ, ಮರೀಬ್ಯಾಡ."

ಆಮೇಲೆ ಕ್ಯಾಮೆರಾವನ್ನು ನನ್ನ ಕೈಯಿಂದ ತೆಗೆದುಕೊಂಡು, ಲೆನ್ಸಿಗೆ ತಾಗದಂತೆ ಕುಂಕುಮ ಹಚ್ಚಿ, ಋಷಿಕೇಶನ ಕ್ಯಾಮೆರಾದ ಪಕ್ಕ ಇಟ್ಟರು.

"ಇನ್ನ ಇದನ್ನೂ ನಾಳೀತನಕ ಮುಟ್ಟಂಗಿಲ್ಲ, ತಂಗಿ."

ಬೇಡ ಎನ್ನುತ್ತಾರೇನೋ ಎಂದು ಗೌರಮ್ಮನವರ ಕಡೆ ನೋಡಿದೆ. ಅವರು ಬುಟ್ಟಿಯಲ್ಲಿ ಹೂ ಹುಡುಕುತ್ತಿದ್ದರು.