ಗೋದಾ ಮೇಡಂ ವಿಧಿಸಿದ ವಾಗ್ದಂಡನೆ

ಗೋದಾ ಮೇಡಂ ಬೈದರೆ, ಬೈಸಿಕೊಂಡವರು ಹತ್ತು ವರ್ಷ ಆದಮೇಲೂ ಅದನ್ನು ನೆಂಟರಿಷ್ಟರ ಮುಂದೆ ಹೇಳಿಕೊಂಡು ಓಡಾಡುತ್ತಿದ್ದರು. ಅಂಥ ಬೈಗುಳ ಅವರದು. ಚಾಮರಾಜಪೇಟೆಯ ಆ ಹಳೇ ಹೈಸ್ಕೂಲಿನಲ್ಲಿ ಇಪ್ಪತ್ತೈದು ವರ್ಷ ಕನ್ನಡ ಪಾಠ ಹೇಳಿ, ಈಗ ಆರು ವರ್ಷದಿಂದ ಹೆಡ್‌ಮಿಸ್ ಆಗಿದ್ದಾರೆ. ಕೋಲು ಹಿಡಿದವರಲ್ಲ, ಗಂಟಲು ಏರಿಸಿದವರಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಎರಡು ವಾಕ್ಯ ಹೇಳಿದರೆ ಸಾಕು, ಎಂಥ ಉಡಾಳನೂ ತೆಪ್ಪಗೆ ಹೋಗಿ ಕೂರುತ್ತಿದ್ದ. ಆ ಎರಡು ವಾಕ್ಯದಲ್ಲಿ ಒಂದು ಪದ ಆಚೆ ಈಚೆ ಆಗಿರುತ್ತಿರಲಿಲ್ಲ.

ಶಿವರಂಜಿನಿಗೂ ಆ ಪ್ರಸಾದ ಸಿಕ್ಕಿತ್ತು, ಒಂಬತ್ತನೇ ಕ್ಲಾಸಿನಲ್ಲಿ. ಪ್ರತಿ ಶುಕ್ರವಾರ ಮೇಡಂ ಬೋರ್ಡಿನ ಮೇಲೆ ಐದು ಪದ ಬರೆದು ‘ಸ್ವಂತ ವಾಕ್ಯದಲ್ಲಿ ಬಳಸಿ’ ಎನ್ನುತ್ತಿದ್ದರು. ಆ ವಾರದ ಐದನೇ ಪದ ವಾಗ್ದಂಡನೆ. ಬೈಯುವುದಕ್ಕೆ ಇದೊಂದು ದೊಡ್ಡ ಮನುಷ್ಯರ ಮಾತಿರಬೇಕು ಅಂದುಕೊಂಡು ಹುಡುಗಿ ಬರೆದಳು: ‘ಹಾಲು ಕುಡಿದ ಬೆಕ್ಕಿಗೆ ನಮ್ಮ ಅಜ್ಜಿ ವಾಗ್ದಂಡನೆ ವಿಧಿಸಿದರು.’ ಮೇಡಂ ಅದನ್ನು ಇಡೀ ಕ್ಲಾಸಿಗೆ ಓದಿದರು. ನಗು ನಿಂತ ಮೇಲೆ ದುಂಡಗೆ ಒಂದು ಸೊನ್ನೆ ಸುತ್ತಿ, ಯಾಕೆ ಸೊನ್ನೆ ಎಂದು ವಿವರಿಸಿದರು. ಅಜ್ಜಿ ಬೆಕ್ಕಿಗೆ ಮಾಡುವುದು ಬೈಗುಳ. ವಾಗ್ದಂಡನೆ ಎಂದರೆ, ಅಧಿಕಾರ ಇದ್ದವರು, ತಪ್ಪು ಮಾಡಿದವರ ಮಾತನ್ನು ಮೊದಲು ಕೇಳಿ, ಆಮೇಲೆ ಇಂಥ ತಪ್ಪಿಗೆ ಎಂದು ಹೆಸರಿಟ್ಟು, ಬರಹದಲ್ಲಿ ಕೊಡುವ ಶಿಕ್ಷೆ. ಬೆಕ್ಕಿನ ಮಾತು ಅಜ್ಜಿ ಎಲ್ಲಿ ಕೇಳಿದರು?

“ಬೈಗುಳಕ್ಕೆ ಕೊನೆ ಇರಲ್ಲ ಕಣೇ. ನಿಮ್ಮಜ್ಜಿ ಆ ಬೆಕ್ಕಿಗೆ ನಾಳೇನೂ ಬೈತಾರೆ, ನಾಡಿದ್ದೂ ಬೈತಾರೆ. ವಾಗ್ದಂಡನೆ ಒಂದೇ ಸಲ. ಕೊಟ್ರು, ಮುಗೀತು,” ಅಂದಿದ್ದರು ಮೇಡಂ.

ಆ ಸೊನ್ನೆ ತೆಗೆದುಕೊಂಡ ಹುಡುಗಿಯೇ ಕನ್ನಡ ಎಂ.ಎ. ಮಾಡಿ, ಬಿ.ಎಡ್. ಮಾಡಿ, ನಾಲ್ಕು ವರ್ಷ ಟ್ಯೂಷನ್ ಹೇಳಿಕೊಂಡು ಅಲೆದು, ಕೊನೆಗೆ ಅದೇ ಸ್ಕೂಲಿನಲ್ಲಿ ಕನ್ನಡ ಟೀಚರ್ ಆಗಿ ಸೇರಿದ್ದಳು. ಬೇರೆ ಕೆಲಸ ಸಿಗುತ್ತಿರಲಿಲ್ಲವೆಂದಲ್ಲ. ಗೋದಾ ಮೇಡಂ ನಿಂತು ಪಾಠ ಹೇಳಿದ ಕೋಣೆಯಲ್ಲಿ ತಾನೂ ನಿಲ್ಲಬೇಕು ಎನ್ನುವುದೊಂದೇ ಅವಳ ಹಟ. ಎರಡು ವರ್ಷದ ಪ್ರೊಬೇಷನ್. ಇಪ್ಪತ್ತೆರಡು ತಿಂಗಳು ಸುಸೂತ್ರವಾಗಿ ಕಳೆದಿತ್ತು; ಮಾರ್ಚ್ ಬಂದರೆ ಕೆಲಸ ಕಾಯಂ. ಅಷ್ಟರಲ್ಲಿ ಜನವರಿಯ ಆ ಸೋಮವಾರ ಬಂತು.

ಹತ್ತನೇ ಕ್ಲಾಸಿನ ಪೂರ್ವಸಿದ್ಧತಾ ಪರೀಕ್ಷೆ. ಸುತ್ತಮುತ್ತಲ ಐದು ಶಾಲೆಗಳು ಸೇರಿ ಒಂದೇ ಪ್ರಶ್ನೆಪತ್ರಿಕೆ ಮಾಡಿಸಿ, ಒಂದೇ ದಿನ ಕೊಡುವ ಪದ್ಧತಿ. ಆ ದಿನ ಪ್ರಥಮ ಭಾಷೆ ಕನ್ನಡ. ಸಂಸ್ಕೃತ ತೆಗೆದುಕೊಂಡ ಮಕ್ಕಳು ಬರೆಯುವ ದ್ವಿತೀಯ ಭಾಷೆ ಕನ್ನಡ ಗುರುವಾರ. ಎರಡೂ ಕಂದು ಬಣ್ಣದ ಲಕೋಟೆ, ಎರಡರ ಮೇಲೂ ಕನ್ನಡ ಅಂತಲೇ ದಪ್ಪ ಅಕ್ಷರ. ಪ್ರಥಮವೋ ದ್ವಿತೀಯವೋ ಎನ್ನುವುದು ಮಾತ್ರ ಇರುವೆ ಸಾಲಿನಷ್ಟು ಸಣ್ಣಗೆ. ಅದಕ್ಕೇ ಒಂದು ಕಟ್ಟಳೆ ಇತ್ತು: ಲಕೋಟೆ ಒಡೆಯುವ ಮೊದಲು ಇಬ್ಬರು ಮಕ್ಕಳನ್ನು ಕರೆದು, ಮೇಲಿನ ಬರಹ ಗಟ್ಟಿಯಾಗಿ ಓದಿಸಿ, ಸಹಿ ಹಾಕಿಸಿಕೊಳ್ಳಬೇಕು.

ಶಿವರಂಜಿನಿ ಸಹಿ ಹಾಕಿಸಿದಳು. ಓದಿಸಲಿಲ್ಲ. ನನ್ನ ವಿಷಯದ ಪತ್ರಿಕೆ, ನನಗೆ ಗೊತ್ತಿಲ್ಲವೇ ಎನ್ನುವ ಧೈರ್ಯ, ಇನ್ನೇನು. ಹಂಚಿ ಐದು ನಿಮಿಷ ಆದಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದುನಿಂತು, ಇದು ನಮ್ಮ ಪೇಪರ್ ಅಲ್ಲ ಮಿಸ್ ಅಂದಾಗ ಅವಳು ಲಕೋಟೆ ಎತ್ತಿ ಸಣ್ಣ ಅಕ್ಷರ ಓದಿದಳು: ದ್ವಿತೀಯ ಭಾಷೆ. ಗುರುವಾರದ ಪತ್ರಿಕೆ ಸೋಮವಾರವೇ ಬಯಲಾಗಿತ್ತು. ಐದೂ ಶಾಲೆಗಳು ಪರೀಕ್ಷೆ ಮುಂದೂಡಬೇಕು, ಹೊಸ ಪತ್ರಿಕೆ ಮಾಡಿಸಬೇಕು. ಉಳಿದ ನಾಲ್ಕು ಶಾಲೆಯವರೂ ಒಬ್ಬರಾದ ಮೇಲೊಬ್ಬರು ಆಡಳಿತ ಮಂಡಳಿಯ ಕಾರ್ಯದರ್ಶಿ ಚಿದಂಬರ ಅವರಿಗೆ ಫೋನ್ ಮಾಡಿ ಸಹಸ್ರನಾಮ ಮಾಡಿದರು. ಚಿದಂಬರ ಕೆಟ್ಟವರಲ್ಲ, ಮುಂಗೋಪಿ, ಅಷ್ಟೆ. ಮಂಗಳವಾರ ನಾಲ್ಕು ಗಂಟೆಗೆ ಸಭೆ, ಆ ಹುಡುಗಿಯನ್ನು ಕೆಲಸದಿಂದ ಕಳಿಸಿಬಿಡೋಣ ಎಂದು ಮಧ್ಯಾಹ್ನದೊಳಗೇ ಅವರಿಂದ ಸುದ್ದಿ ಬಂತು.

ಮಧ್ಯಾಹ್ನ ಗೋದಾ ಮೇಡಂ ಶಿವರಂಜಿನಿಯನ್ನು ಕರೆಸಿದರು. ಕೆಲಸಕ್ಕೆ ಸೇರಿದ ಮೇಲೂ ಅವಳನ್ನು ನೀನು, ಕಣೇ ಎಂದೇ ಕರೆಯುತ್ತಿದ್ದವರು ಅವತ್ತು ಮುಖ ನೋಡದೆ, ಕುಳಿತುಕೊಳ್ಳಿ ಅಂದರು. ಆ ಬಹುವಚನ ಎದೆಗೆ ಒದ್ದ ಹಾಗಾಯಿತು. ಒಂದು ನೋಟೀಸು ಮುಂದಿಟ್ಟು, ನಡೆದದ್ದಕ್ಕೆ ಮೂರು ಗಂಟೆಯೊಳಗೆ ಲಿಖಿತ ವಿವರಣೆ ಕೊಡಿ ಎಂದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಸ್ಟಾಫ್ ರೂಮಿನಲ್ಲಿ ಬಿಳಿ ಹಾಳೆ ಮುಂದಿಟ್ಟುಕೊಂಡು ಅವಳು ಕೂತಿದ್ದಾಗ, ಗಣಿತದ ಸತೀಶ್ ಸರ್ ಪಕ್ಕಕ್ಕೆ ಬಂದು ಕೂತರು. ಒಳ್ಳೆಯ ಮನುಷ್ಯ, ಅವಳ ಮೇಲಿನ ಅಕ್ಕರೆಯಿಂದಲೇ ಒಂದು ಉಪಾಯ ಹೇಳಿಕೊಟ್ಟರು. ಆಫೀಸಿನಿಂದ ಲಕೋಟೆ ತಂದುಕೊಟ್ಟವಳು ಆಯಾ ಬಸವಮ್ಮ. ತಪ್ಪು ಲಕೋಟೆ ತಂದವಳು ಅವಳು ಎಂದು ಬರೆದರಾಯಿತು. ಬಸವಮ್ಮನಿಗೆ ಓದು ಬಾರದು, ಅವಳಿಗೆ ಯಾರೂ ಏನೂ ಮಾಡುವುದಿಲ್ಲ. ವಿಚಾರಣೆ ಅಂತ ಎರಡು ತಿಂಗಳು ಎಳೆಯುತ್ತದೆ, ಅಷ್ಟರಲ್ಲಿ ಮಾರ್ಚ್ ಬರುತ್ತದೆ.

ಶಿವರಂಜಿನಿಯ ಮನಸ್ಸು ಆ ಕಡೆ ವಾಲಲಿಲ್ಲ ಎಂದರೆ ಸುಳ್ಳಾಗುತ್ತದೆ. ಮನೆಯಲ್ಲಿ ಅಮ್ಮ ಮಹಾನಂದ, ಮಗಳು ಮೇಷ್ಟರಾದಳೆಂದು ಬೀದಿಗೆಲ್ಲ ಹೋಳಿಗೆ ಹಂಚಿದವರು. ಪೆನ್ನು ತೆಗೆದು ‘ಆಯಾ ಬಸವಮ್ಮ’ ಎಂದು ಬರೆದೂ ಬಿಟ್ಟಳು. ಅಷ್ಟರಲ್ಲಿ ಅದೇ ಬಸವಮ್ಮ ಲೋಟದಲ್ಲಿ ನೀರು ತಂದು ಅವಳ ಕೈಗಿಟ್ಟು, ಮಧ್ಯಾಹ್ನ ಏನೂ ತಿಂದಿಲ್ಲವಲ್ಲ ಮಿಸ್ಸು ಎಂದು ಕೇಳಿದಳು. ಶಿವರಂಜಿನಿಗೆ ನಾಚಿಕೆಯಾಯಿತು. ಆ ಹಾಳೆ ಹರಿದು ಇನ್ನೊಂದರ ಮೇಲೆ ಮೂರೇ ಸಾಲು ಬರೆದಳು: ಲಕೋಟೆಯ ಮೇಲಿನ ಬರಹವನ್ನು ಓದಿಸಬೇಕಾದದ್ದು ನನ್ನ ಕರ್ತವ್ಯ, ನಾನು ಓದಿಸಲಿಲ್ಲ, ತಪ್ಪು ನನ್ನದು, ಬೇರೆ ಯಾರದೂ ಅಲ್ಲ. ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂದುಕೊಂಡು ಹೋಗಿ ಕೊಟ್ಟು ಬಂದಳು. ಗೋದಾ ಮೇಡಂ ಅದನ್ನು ಎರಡು ಸಲ ಓದಿದರು. ಆಮೇಲೆ ಫೈಲಿಗೆ ಸೇರಿಸಿದರು.

ಮಂಗಳವಾರ ಬೆಳಿಗ್ಗೆ ಆದೇಶ ಟೈಪಾಗುತ್ತಿದೆ ಎಂಬ ಸುದ್ದಿ ಹಬ್ಬಿತು. ಎಚ್ಚರಿಕೆ ಪತ್ರವಲ್ಲ, ವಾಗ್ದಂಡನೆಯಂತೆ! ಸ್ಟಾಫ್ ರೂಮಿಗೆ ಸ್ಟಾಫ್ ರೂಮೇ ಕಂಗಾಲಾಯಿತು. ಎಚ್ಚರಿಕೆಯಾದರೆ ಫೈಲಿನಲ್ಲಿ ಬಿದ್ದಿರುತ್ತದೆ. ವಾಗ್ದಂಡನೆ ಎಂದರೆ ಸೇವಾ ಪುಸ್ತಕದಲ್ಲಿ ಕೆಂಪು ಶಾಯಿ, ಬದುಕಿರುವ ತನಕ ಅಳಿಯದ್ದು. ಸತೀಶ್ ಸರ್ ಇನ್ನಿಬ್ಬರನ್ನು ಜೊತೆ ಮಾಡಿಕೊಂಡು ಹೋಗಿ, ಚಿಕ್ಕ ಹುಡುಗಿ ಮೇಡಂ, ಎಚ್ಚರಿಕೆ ಅಂತಲೇ ಬರೆಯಿರಿ ಎಂದು ಬೇಡಿಕೊಂಡರು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ನಾನು ಯಾವ ಪದ ಬಳಸ್ಬೇಕು ಅಂತ ನನಗೆ ಗೊತ್ತಿದೆ, ಸತೀಶ್,” ಅಂದರು. ಸತೀಶ್ ಸರ್ ಹೊರಗೆ ಬಂದು, ಈಯಮ್ಮನ ಎದೆಯಲ್ಲಿರುವುದು ಹೃದಯವಲ್ಲ, ನಿಘಂಟು ಎಂದು ಗೊಣಗಿದರು.

ಹನ್ನೊಂದು ಗಂಟೆಗೆ ಎಲ್ಲ ಶಿಕ್ಷಕರನ್ನೂ ಕರೆಸಿ, ಶಿವರಂಜಿನಿಯನ್ನು ನಿಲ್ಲಿಸಿ, ಮೇಡಂ ಆದೇಶ ಓದಿದರು. ‘ಪರೀಕ್ಷಾ ಲಕೋಟೆಯ ಮೇಲಿನ ಬರಹವನ್ನು ಓದಿಸದೆ ಒಡೆದು ಕರ್ತವ್ಯದಲ್ಲಿ ನಿರ್ಲಕ್ಷ್ಯ ತೋರಿರುವುದು ಅವರ ಲಿಖಿತ ವಿವರಣೆಯಿಂದಲೇ ದೃಢಪಟ್ಟಿರುವುದರಿಂದ, ಸಹಶಿಕ್ಷಕಿ ಕುಮಾರಿ ಶಿವರಂಜಿನಿ ಅವರಿಗೆ ಈ ಮೂಲಕ ವಾಗ್ದಂಡನೆ ವಿಧಿಸಲಾಗಿದೆ.’ ಒಂದು ಪದ ಹೆಚ್ಚಿಲ್ಲ, ಒಂದು ಪದ ಕಡಿಮೆಯಿಲ್ಲ. ಸೋಮಾರಿ ಎಂದಿಲ್ಲ, ಬೇಜವಾಬ್ದಾರಿ ಹುಡುಗಿ ಎಂದಿಲ್ಲ. ಆದರೆ ಆ ಹೊತ್ತಿನಲ್ಲಿ ಶಿವರಂಜಿನಿಗೆ ಅದೆಲ್ಲ ಎಲ್ಲಿ ಕಾಣಬೇಕು? ಅಕ್ಷರ ಕಲಿಸಿದ ಕೈಯೇ ಹಣೆಗೆ ಬರೆ ಎಳೆಯಿತಲ್ಲ ಎಂದು ಕಣ್ಣು ತುಂಬಿ ಬಂತು. ಕಣ್ಣೊರೆಸಿಕೊಂಡು ಸಹಿ ಹಾಕಿದಳು. ಮೇಡಂ ಸಹಿಯ ಕೆಳಗೆ ತಾರೀಖಿನ ಜೊತೆ ವೇಳೆಯನ್ನೂ ಬರೆಸಿದರು: ಬೆಳಿಗ್ಗೆ ಹನ್ನೊಂದು ಹತ್ತು.

ನಾಲ್ಕು ಗಂಟೆಗೆ ಸಭೆ. ಮೇಜಿನ ಈ ತುದಿಯಲ್ಲಿ ಶಿವರಂಜಿನಿ, ಆ ತುದಿಯಲ್ಲಿ ಚಿದಂಬರ ಅವರು. ಮಧ್ಯೆ ಮಂಡಳಿಯ ಸದಸ್ಯರು, ಅವರಲ್ಲಿ ಹಳೇ ವಕೀಲರಾದ ನಂಜುಂಡಯ್ಯನವರು. ಚಿದಂಬರ ಅವರು ಐದು ಶಾಲೆಗಳ ಮುಂದೆ ಆದ ಅವಮಾನವನ್ನು ಹತ್ತು ನಿಮಿಷ ವರ್ಣಿಸಿದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಅಂದರು. ಈ ತಪ್ಪಿಗೆ ಶಿಕ್ಷೆಯಾಗಿ ಈಕೆಯನ್ನು ಕೆಲಸದಿಂದ ತೆಗೆಯುವ ನಿರ್ಣಯ ಬರೆದುಕೊಳ್ಳಿ ಎಂದರು. ಶಿವರಂಜಿನಿ ತನ್ನ ಕೈಬೆರಳನ್ನೇ ನೋಡುತ್ತಾ ಕೂತಿದ್ದಳು. ಅಮ್ಮನಿಗೆ ಹೇಗೆ ಹೇಳುವುದು ಎನ್ನುವುದೊಂದೇ ತಲೆಯಲ್ಲಿತ್ತು.

ಗೋದಾ ಮೇಡಂ ಎದ್ದು, ಒಂದು ಫೈಲನ್ನು ನಂಜುಂಡಯ್ಯನವರ ಮುಂದೆ ಇಟ್ಟರು. ನೋಟೀಸು, ಮೂರು ಸಾಲಿನ ವಿವರಣೆ, ಆದೇಶ, ಸಹಿ, ವೇಳೆ. ಹಿರಿಯರು ಒಂದೊಂದೇ ಹಾಳೆ ತಿರುವಿ, ಮೀಸೆಯೊಳಗೇ ನಕ್ಕು, ಶಿಕ್ಷೆ ಬೆಳಿಗ್ಗೆಯೇ ಆಗಿಹೋಗಿದೆಯಲ್ಲ ಚಿದಂಬರ ಎಂದರು.

“ಏನ್ ಶಿಕ್ಷೆ ಸ್ವಾಮಿ? ಬರೀ ಬೈದಿದಾರೆ,” ಅಂದರು ಚಿದಂಬರ.

ಮೇಡಂ ಕನ್ನಡಕ ತೆಗೆದರು.

“ಬೈದಿಲ್ಲ ಸರ್. ವಾಗ್ದಂಡನೆ ವಿಧಿಸಿದೀನಿ. ನಮ್ಮ ಸೇವಾ ನಿಯಮದಲ್ಲಿ ಶಿಕ್ಷೆಗಳ ಪಟ್ಟೀಲಿ ಅದೇ ಮೊದಲನೇದು, ಅದನ್ನ ಕೊಡೋ ಅಧಿಕಾರ ಹೆಡ್‌ಮಿಸ್‌ಗಿದೆ. ಬರೀ ಎಚ್ಚರಿಕೆ ಕೊಟ್ಟಿದ್ರೆ ಅದು ಶಿಕ್ಷೆ ಅನ್ನಿಸ್ಕೊಳ್ತಿರ್ಲಿಲ್ಲ. ಆಗ ನೀವು ಇವತ್ತು ಏನು ಬೇಕಾದ್ರೂ ಮಾಡಬಹುದಿತ್ತು. ಈಗ ಆಗಲ್ಲ, ಒಂದು ತಪ್ಪಿಗೆ ಎರಡು ಶಿಕ್ಷೆ ಕೊಡೋ ಹಾಗಿಲ್ಲ. ಅದೂ ನಮ್ಮ ನಿಯಮಾನೇ. ನಿಯಮಾವಳಿ ಕೆಳಗೆ ನಿಮ್ಮ ಸಹಿ ಇದೆ.”

ಶಿವರಂಜಿನಿ ತಲೆ ಎತ್ತಿದಳು. ಕೊಟ್ರು, ಮುಗೀತು. ಹದಿನಾರು ವರ್ಷದ ಹಿಂದೆ, ಬೆಕ್ಕಿನ ನೆಪದಲ್ಲಿ ಕೇಳಿದ ಮಾತು ಈಗ ಒಳಗೆ ಇಳಿಯಿತು. ಎಲ್ಲರೂ ಬೇಡವೆಂದ ಆ ಕಟುವಾದ ಪದವನ್ನೇ ಹಟ ಹಿಡಿದು ಬರೆದು, ಅದನ್ನೇ ಅವಳಿಗೆ ಗೋಡೆಯಾಗಿ ಕಟ್ಟಿದ್ದರು ಮೇಡಂ. ಇಡೀ ಸ್ಟಾಫ್ ರೂಮು ಕಲ್ಲುಮನಸ್ಸಿನವಳು ಎಂದು ಶಪಿಸುತ್ತಿದ್ದರೂ ಬಾಯಿಬಿಟ್ಟಿರಲಿಲ್ಲ. ತಾನು ಬಸವಮ್ಮನ ಹೆಸರು ಬರೆದಿದ್ದರೆ? ತಪ್ಪು ಯಾರದೆಂದು ವಿಚಾರಣೆಯಾಗದೆ ಬೆಳಿಗ್ಗೆ ಆದೇಶ ಹೊರಡುತ್ತಲೇ ಇರಲಿಲ್ಲ. ತಡೆಯುವ ಗೋಡೆಯಿಲ್ಲದೆ ನಾಲ್ಕು ಗಂಟೆಗೆ ಕೆಲಸ ಹೋಗಿರುತ್ತಿತ್ತು.

ಪ್ರೊಬೇಷನ್ ಹುಡುಗಿ, ಮಾರ್ಚ್‌ನಲ್ಲಿ ನೋಡಿಕೊಳ್ಳುತ್ತೇನೆ ಎಂದು ಚಿದಂಬರ ಅವರು ಕೊನೆಯ ಕಲ್ಲೆಸೆದರು. ಮಾರ್ಚಿನ ವರದಿ ಬರೆಯುವವಳೂ ನಾನೇ ಸರ್ ಎಂದರು ಮೇಡಂ. ತನ್ನ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟದ ಟೀಚರ್ ಎಂದು ಬರೆಯುತ್ತೇನೆ, ಮೂವತ್ತೊಂದು ವರ್ಷದಲ್ಲಿ ಅಂಥವರು ನನಗೆ ಹೆಚ್ಚು ಸಿಕ್ಕಿಲ್ಲ. ನಂಜುಂಡಯ್ಯನವರು ಫೈಲು ಮುಚ್ಚಿ, ಮುಂದಿನ ವಿಷಯ ತೆಗೆಯಿರಿ ಅಂದರು. ಚಿದಂಬರ ಅವರು ಕಾಫಿ ತರಿಸಿದರು.

ಹೊರಗೆ ಕಾರಿಡಾರಿನಲ್ಲಿ ಶಿವರಂಜಿನಿ ಕಾಲಿಗೆ ಬೀಳಲು ಹೋದರೆ ಮೇಡಂ ಬಿಡಲಿಲ್ಲ. ಶಿಕ್ಷೆ ನಿಜವಾದದ್ದೇ, ಉಪಕಾರ ಎಂದುಕೊಳ್ಳಬೇಡಿ, ಲಕೋಟೆ ಓದಿಸದಿದ್ದದ್ದು ಸಣ್ಣ ತಪ್ಪಲ್ಲ ಎಂದು ನಡೆದೇಬಿಟ್ಟರು. ಇನ್ನೂ ಬಹುವಚನವೇ.

ಮುಂದಿನ ಸೋಮವಾರ ಹೊಸ ಪತ್ರಿಕೆಯ ಪರೀಕ್ಷೆ. ಲಕೋಟೆಯನ್ನು ಶಿವರಂಜಿನಿಯ ಕೈಗೇ ಕೊಟ್ಟಿದ್ದರು. ಇಬ್ಬರಲ್ಲ, ನಾಲ್ವರು ಮಕ್ಕಳನ್ನು ಕರೆದು, ಬೀದಿಗೆ ಕೇಳುವಷ್ಟು ಗಟ್ಟಿಯಾಗಿ ಓದಿಸಿದಳು. ಒಡೆದು ನೋಡಿದರೆ, ಐದು ಶಾಲೆಗಳ ಪರವಾಗಿ ಮೇಡಮ್ಮೇ ಕೂತು ಮಾಡಿಕೊಟ್ಟ ಪತ್ರಿಕೆ. ಹದಿನಾಲ್ಕನೇ ಪ್ರಶ್ನೆ: ಸ್ವಂತ ವಾಕ್ಯದಲ್ಲಿ ಬಳಸಿ. ಕೊಟ್ಟ ಪದ ಅದೇ.

ಮರುದಿನ ಕ್ಲಾಸಿನಲ್ಲಿ ಬಿಂದು ಎನ್ನುವ ಹುಡುಗಿ ಎದ್ದು, ಮೊಬೈಲ್ ನೋಡಿದ್ದಕ್ಕೆ ಅಪ್ಪ ವಾಗ್ದಂಡನೆ ವಿಧಿಸಿದರು ಅಂತ ಬರೆದೆ ಮಿಸ್, ಸರೀನಾ ಎಂದು ಕೇಳಿದಳು. ಶಿವರಂಜಿನಿಗೆ ನಗು ಬಂತು. ಅಪ್ಪ ಮಾಡಿದ್ದು ಬೈಗುಳ ಎಂದು ವಿವರಿಸಿದಳು. ಆಮೇಲೆ ಬಳಪ ತೆಗೆದುಕೊಂಡು, ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಳು:

‘ಲಕೋಟೆಯ ಬರಹ ಓದಿಸದ ತಪ್ಪಿಗೆ ಮುಖ್ಯೋಪಾಧ್ಯಾಯಿನಿಯವರು ನನಗೆ ವಾಗ್ದಂಡನೆ ವಿಧಿಸಿದರು; ಆದ್ದರಿಂದಲೇ ನಾನು ಇಂದು ನಿಮ್ಮ ಮುಂದೆ ನಿಂತಿದ್ದೇನೆ.’

ಮಕ್ಕಳ ಕಣ್ಣು ಬಾಗಿಲ ಕಡೆ ಹೋದದ್ದು ಕಂಡು ಅವಳು ತಿರುಗಿದಳು. ಗೋದಾ ಮೇಡಂ ನಿಂತಿದ್ದರು. ಕನ್ನಡಕ ಹಾಕಿಕೊಂಡು ವಾಕ್ಯವನ್ನು ಮೊದಲಿಂದ ಕೊನೆಯವರೆಗೆ ನಿಧಾನವಾಗಿ ಓದಿದರು. ಒಳಗೆ ಬಂದು, ಅವಳ ಕೈಯಿಂದ ಬಳಪ ತೆಗೆದುಕೊಂಡು, ಪಕ್ಕದಲ್ಲಿ ಒಂದು ರೈಟ್ ಹಾಕಿದರು.

“ಈಗ ಸರಿಯಾಗಿ ಬಳಸಿದೀಯ ಕಣೇ,” ಅಂದರು.