ಖಾಲಿ ಮನೆಗೆ ದೀಪ

ಚಾಮರಾಜಪೇಟೆಯ ಆ ಮನೆಗೆ ನಾವು ಭೋಗ್ಯಕ್ಕೆ ಹೋದದ್ದು ತೊಂಬತ್ತೆಂಟರಲ್ಲಿ, ಮದುವೆಯಾದ ವರ್ಷ. ಗಂಗಾಧರಯ್ಯನವರ ಮನೆಯ ಹಿಂಭಾಗ. ಎರಡು ಕೋಣೆ, ಒಂದು ಅಡುಗೆಮನೆ. ಬಚ್ಚಲಿಗೆ ಹೋಗಲು ಅಂಗಳ ದಾಟಬೇಕು. ಇಡೀ ಮೊತ್ತ ಒಮ್ಮೆಗೇ ಕೊಟ್ಟರೆ ತಿಂಗಳ ಬಾಡಿಗೆ ಇಲ್ಲ, ಬಿಡುವ ದಿನ ಕೊಟ್ಟಷ್ಟೂ ವಾಪಸ್ಸು. ನನ್ನ ಒಡವೆ ಸ್ವಲ್ಪ, ವಸಿಷ್ಠನ ಪಿ.ಎಫ್. ಸಾಲ ಸ್ವಲ್ಪ, ಮಾವನವರು ಕೊಟ್ಟದ್ದು ಸ್ವಲ್ಪ ಸೇರಿಸಿ ಕೊಟ್ಟೆವು.

"ದುಡ್ಡೆಲ್ಲೂ ಹೋಗಲ್ಲ ಬಿಡೆ. ಅವರ ಹತ್ರ ಇರುತ್ತೆ ಅಷ್ಟೆ," ಎಂದಿದ್ದ ವಸಿಷ್ಠ.

ಮಾತು ನಿಜವಾಯಿತು. ದುಡ್ಡು ಎಲ್ಲೂ ಹೋಗಲಿಲ್ಲ. ವಸಿಷ್ಠ ಹೋದ, ಐದು ವರ್ಷದ ಮೇಲೆ, ಕಾಮಾಲೆಯಲ್ಲಿ. ಆಗ ಮಗಳು ಆರಾಧನಾಗೆ ನಾಲ್ಕು ತುಂಬಿತ್ತು.

ನಾನು ಬಸವನಗುಡಿಯ ಒಂದು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಮನೆಯಿಂದ ನಡೆದೇ ಹೋಗುತ್ತಿದ್ದೆ. ಮಗಳ ಶಾಲೆ ಮುಂದಿನ ಬೀದಿಯಲ್ಲಿತ್ತು. ನನಗೆ ತಡವಾದರೆ ಗಂಗಾಧರಯ್ಯನವರ ಹೆಂಡತಿ ತುಳಸಮ್ಮ ಅವಳನ್ನು ಕರೆತಂದು ಊಟ ಹಾಕುತ್ತಿದ್ದರು. ಆ ಎರಡು ಕೋಣೆ ಇದ್ದುದರಿಂದ ಉಳಿದದ್ದೆಲ್ಲ ಹೇಗೋ ನಡೆಯುತ್ತಿತ್ತು. ಬೆಳಿಗ್ಗೆ ಏಳುವುದು, ಅನ್ನ ಮಾಡುವುದು, ಟೆಸ್ಟ್ ಟ್ಯೂಬು ತೊಳೆಸುವುದು.

ಎರಡು ಸಾವಿರದ ಐದರ ಬೇಸಿಗೆಯಲ್ಲಿ ಗಂಗಾಧರಯ್ಯನವರು ಕರೆದರು.

"ಕೂತ್ಕೋಮ್ಮ," ಎಂದರು. ತಾವು ನಿಂತೇ ಇದ್ದರು. "ತಮ್ಮಂದಿರು ಪಾಲು ಕೇಳ್ತಿದಾರೆ. ಮಾರದೆ ಬೇರೆ ದಾರಿ ಇಲ್ಲ. ನಿನ್ನ ಭೋಗ್ಯದ ದುಡ್ಡು ಮೊದಲು ತೆಗೆದಿಟ್ಟಿದೀನಿ. ಒಂದು ಪೈಸೆ ಕಮ್ಮಿ ಮಾಡಲ್ಲ."

"ನೀವು ಎಲ್ಲಿಗೆ ಹೋಗ್ತೀರಿ?"

"ಉತ್ತರಹಳ್ಳಿ ಆಚೆ ಒಂದು ಫ್ಲಾಟು. ನಾಲ್ಕು ಭಾಗ ಆದ್ಮೇಲೆ ನನ್ನ ಪಾಲಿಗೆ ಬರೋದ್ರಲ್ಲಿ ಈ ಬೀದೀಲಿ ಕಾರು ನಿಲ್ಲಿಸೋ ಜಾಗಾನೂ ಬರಲ್ಲ."

"ನಮ್ಮ ಹತ್ರ ಕಾರೇ ಇಲ್ವಲ್ಲ," ಎಂದರು ತುಳಸಮ್ಮ ಒಳಗಿನಿಂದ. ಯಾರೂ ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರೇ ಬಂದು ಬಾಗಿಲಿಗೆ ಒರಗಿದರು. "ಅಲ್ಲಿ ಬಿಡಿ ಹೂವು ಸಿಗುತ್ತೋ ಇಲ್ವೋ."

ಮನೆ ಹುಡುಕಲು ಹೊರಟೆ. ಬ್ರೋಕರ್ ದಾಸಪ್ಪ ಉಮಾ ಟಾಕೀಸಿನ ಕಡೆಯ ಒಂದು ಬೀಡಾ ಅಂಗಡಿಯ ಮುಂದೆ ನಿಲ್ಲುತ್ತಿದ್ದ. ನನ್ನ ಮೊತ್ತ ಕೇಳಿ ಎಲೆ ಅಗಿಯುವುದನ್ನು ನಿಲ್ಲಿಸಿದ.

"ಈ ದುಡ್ಡಿಗೆ ಈಗ ಪೇಟೇಲಿ ಒಂದು ಗೋಡೆ ಕೊಡ್ತಾರೆ ಮೇಡಂ. ಉಳಿದ ಮೂರು ನೀವೇ ತರ್ಬೇಕು."

"ಇದೇ ದುಡ್ಡಿಗೆ ಎರಡು ರೂಮಲ್ಲಿದೀನಿ."

"ಅದು ಆವಾಗಿನ ದುಡ್ಡು ಮೇಡಂ. ನೋಟು ಅದೇ ಇರ್ಬೋದು."

ಆದರೂ ಒಳ್ಳೆಯವನು. ಹಲವು ಮನೆ ತೋರಿಸಿದ. ಹನುಮಂತನಗರದಲ್ಲಿ ಒಂದು ಮನೆಗೆ ಕಿಟಕಿಯೇ ಇರಲಿಲ್ಲ. ಶಂಕರಪುರದಲ್ಲಿ ಒಬ್ಬರು ನನ್ನ ಕತ್ತು ನೋಡಿ, ಯಜಮಾನ್ರು ಎಲ್ಲಿ ಕೆಲಸ ಎಂದರು. ಹೇಳಿದೆ. ಮನೆ ಆಗಲೇ ಮಾತಾಗಿದೆ ಎಂದರು. ದಾಸಪ್ಪ ಬೀದಿಗೆ ಬಂದ ಮೇಲೆ, "ನೀವ್ಯಾಕೆ ನಿಜ ಹೇಳ್ತೀರಾ? ದುಬೈ ಅಂದ್ಬಿಡಿ," ಎಂದ. ಚಾಮರಾಜಪೇಟೆಯಲ್ಲೇ ಒಂದೆರಡು ಮನೆಗಳಿಗೆ ಬೀಗ ಬಿದ್ದಿತ್ತು. ಕಿಟಕಿಯ ಗಾಜಿನ ಮೇಲೆ ಧೂಳು. ಇವು ಯಾಕೆ ಖಾಲಿ ಇವೆ ಎಂದು ಕೇಳಿದೆ.

"ಅವು ಖಾಲಿ ಅಲ್ಲ ಮೇಡಂ. ಮಾರಿರೋವು."

ವಸಿಷ್ಠನ ತಮ್ಮ ವಂಶಿ ಒಂದು ಭಾನುವಾರ ಬಂದ. ಕೂರುವ ಮೊದಲೇ ಶುರು ಮಾಡಿದ.

"ಅತ್ತಿಗೆ, ಕೀ ಕೊಡ್ಬೇಡಿ. ದುಡ್ಡು ಈಸ್ಕೊಬೇಡಿ. ಭೋಗ್ಯದ ದುಡ್ಡು ವಾಪಸ್ ಈಸ್ಕೊಳ್ಳೋ ತನಕ ಯಾವನೂ ನಿಮ್ಮನ್ನ ಎಬ್ಬಿಸೋಕಾಗಲ್ಲ. ತಗೊಂಡೋನಿಗೆ ಅರ್ಜೆಂಟಿರುತ್ತೆ, ಅವನೇ ಬಂದು ಎಷ್ಟು ಬೇಕು ಅಂತ ಕೇಳ್ತಾನೆ. ಎಲ್ಲಾರೂ ಹಂಗೇ ಮಾಡೋದು."

"ಗಂಗಾಧರಯ್ಯನವರಿಗೆ ತೊಂದ್ರೆ ಆಗುತ್ತೆ."

"ನಿಮಗೆ ಆಗಲ್ವಾ?"

ಒಲೆಯ ಮೇಲೆ ಹಾಲಿಟ್ಟೆ. ಅವನು ಕಾಫಿ ಕುಡಿದು ಹೋದ.

ಮಾತಾಡಿಕೊಂಡ ದಿನ ಗಂಗಾಧರಯ್ಯನವರು ಹಿತ್ತಾಳೆ ತಟ್ಟೆಯಲ್ಲಿ ಎಲೆ ಅಡಿಕೆಯ ಜೊತೆ ದುಡ್ಡು ಇಟ್ಟುಕೊಟ್ಟರು. ಏಳು ವರ್ಷದ ಹಿಂದೆ ನಾವು ಅದೇ ತಟ್ಟೆಯಲ್ಲಿಟ್ಟು ಕೊಟ್ಟಿದ್ದೆವು. ಎಣಿಸಿಕೋ ಎಂದರು. ಎಣಿಸಲಿಲ್ಲ. ಕೀ ಕೊಟ್ಟೆ. ತುಳಸಮ್ಮ ಆರಾಧನಾಳ ಜಡೆಗೆ ಹೂವು ಮುಡಿಸಿದರು. ನನ್ನ ಕಡೆಗೂ ಕೈ ಬಂದು, ಅರ್ಧದಲ್ಲೇ ನಿಂತಿತು.

ಮಾಗಡಿ ರಸ್ತೆಯಲ್ಲಿ ಸುಂಕದಕಟ್ಟೆಯಿಂದ ಇನ್ನೂ ಒಳಗೆ ಒಂದು ಮನೆ ಸಿಕ್ಕಿತು. ಕೊಟ್ಟ ದುಡ್ಡು ಮೂರು ವರ್ಷಕ್ಕೆ ಸಾಕು ಎಂದರು, ಆಮೇಲೆ ನೋಡೋಣ ಎಂದರು. ನೀರು ಟ್ಯಾಂಕರಿನದು. ಮಗಳ ಶಾಲೆ ಬದಲಿಸಲಿಲ್ಲ. ಅಲ್ಲಿ ಅವಳನ್ನು ನೋಡಿಕೊಳ್ಳುವವರು ಯಾರಿದ್ದಾರೆ. ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿ ಮಾರ್ಕೆಟ್ಟಿನಲ್ಲಿ ಇಳಿದು ನಡೆಯುತ್ತಿದ್ದೆವು. ಶಾಲೆ ಬಿಟ್ಟ ಮೇಲೆ ಅವಳು ಲ್ಯಾಬಿನ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ನನಗಾಗಿ ಕಾಯುತ್ತಿದ್ದಳು. ಆಸಿಡ್ ವಾಸನೆ ಅವಳ ಯೂನಿಫಾರ್ಮಿಗೆ ಹತ್ತಿತ್ತು. ಬಸ್ಸಿನಲ್ಲಿ ನಿಂತೇ ನಿದ್ದೆ ಮಾಡುವುದನ್ನು ಕಲಿತಳು.

ಶಾಲೆಗೆ ಹೋಗುವ ದಾರಿಯಲ್ಲೇ ಹಳೆಯ ಮನೆ. ಮೊದಮೊದಲು ಆಚೆ ಕಡೆಯ ಫುಟ್‌ಪಾತಿನಲ್ಲಿ ಹೋಗುತ್ತಿದ್ದೆ. ಈಗಲೋ ಆಗಲೋ ಒಡೆಯುತ್ತಾರೆ, ಕಲ್ಲು ಮರಳು ಬೀಳುತ್ತದೆ ಎಂದುಕೊಂಡಿದ್ದೆ. ಮಳೆಗಾಲ ಕಳೆಯಿತು. ದೀಪಾವಳಿ ಕಳೆಯಿತು. ಗೇಟಿಗೆ ಹಾಕಿದ ಹೊಸ ಬೀಗಕ್ಕೆ ತುಕ್ಕು ಹಿಡಿಯಿತು. ಯಾರೂ ಬರಲಿಲ್ಲ. ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ನಾನು ಕಟ್ಟಿದ್ದ ಸೊಳ್ಳೆಪರದೆ ಹಾಗೇ ಇತ್ತು. ಪಕ್ಕದ ಓಣಿಯಿಂದ ಕಾಣುತ್ತಿತ್ತು.

"ಅಮ್ಮಾ, ನಮ್ಮನೇಲಿ ಯಾರಿದಾರೆ?"

"ಯಾರೂ ಇಲ್ಲ."

"ಮತ್ತೆ ನಾವ್ಯಾಕೆ ಬಿಟ್ವಿ?"

ಮಾರನೆಯ ವರ್ಷ ಬೇಸಿಗೆ ರಜೆಗೆ ಮುಂಚೆ, ಮನೆ ಕೊಂಡವರನ್ನು ಹುಡುಕಿಕೊಂಡು ಹೋದೆ. ಶಶಿಕುಮಾರ್ ಎಂದು ಹೆಸರು. ಕಾಟನ್‌ಪೇಟೆಯಲ್ಲಿ ಆಫೀಸು. ನನಗಿಂತ ಚಿಕ್ಕವರು, ಬಿಳಿ ಅಂಗಿ, ಮೇಜಿನ ಮೇಲೆ ಎರಡು ಮೊಬೈಲು. ಪಕ್ಕದ ಸೋಫಾದಲ್ಲಿ ಅವರ ತಾಯಿ ಚಪ್ಪಲಿ ಬಿಟ್ಟು ಕಾಲು ಮೇಲಿಟ್ಟುಕೊಂಡು ಕೂತಿದ್ದರು. ಮುನಿಲಕ್ಷ್ಮಮ್ಮ. ಹಣೆ ನನ್ನದರ ಹಾಗೇ ಖಾಲಿ.

ನಾನು ಯಾರೆಂದು ಹೇಳಿದೆ. ಮನೆ ಒಡೆಯುವ ತನಕ ಬಾಡಿಗೆಗೆ ಕೊಡಿ, ಹೇಳಿದ ದಿನ ಬಿಡುತ್ತೇನೆ ಎಂದೆ.

ಶಶಿಕುಮಾರ್ ಟೀ ತರಿಸಿದರು. ಆಮೇಲೆ ಮೆತ್ತಗೆ ಹೇಳಿದರು.

"ಒಡೆಯೋದು ಯಾರು ಮೇಡಂ? ನಾನ್ ಒಡೆಯಲ್ಲ. ಸುಮ್ನೆ ನಿಂತಿದ್ರೇನೇ ಅದಕ್ಕೆ ರೇಟು ಏರ್ತಾ ಇರುತ್ತೆ. ನೀವು ಕೊಡೋ ಬಾಡಿಗೆ ಒಂದು ವರ್ಷಕ್ಕೆ ಎಷ್ಟಾಗುತ್ತೋ, ಅದು ಒಂದು ವಾರದಲ್ಲಿ ತಾನೇ ಏರುತ್ತೆ."

"ಖಾಲಿ ಬಿಡೋದಕ್ಕಿಂತ..."

"ಒಳಗೆ ಜನ ಇದ್ರೆ ಬೀಳುತ್ತೆ ಮೇಡಂ. ಜನ ಇರೋ ಮನೆ ಯಾರೂ ಕೇಳಲ್ಲ. ಖಾಲಿ ಇದ್ರೇನೇ ಬೆಲೆ."

ಅವರ ದನಿಯಲ್ಲಿ ಒರಟುತನವಿರಲಿಲ್ಲ. ನಾನು ವಿದ್ಯಾರ್ಥಿಗಳಿಗೆ ಲೆಕ್ಕಾಚಾರ ವಿವರಿಸುವ ಹಾಗೆ ವಿವರಿಸಿದರು. ನಾನು ಎದ್ದೆ.

"ಕುಂತ್ಕೊಳವ್ವ," ಎಂದರು ಮುನಿಲಕ್ಷ್ಮಮ್ಮ. "ಆ ಮನೇಲಿ ದೀಪ ಹಚ್ಚಿ ಎಷ್ಟು ದಿನ ಆಯ್ತೋ ಶಶಿ?"

"ಯಾರಮ್ಮ ಹಚ್ತಾರೆ?"

"ಅದೇ ಕೇಳ್ತಿರೋದು. ಬಾಳಿದ ಮನೆ ಕತ್ತಲೆ ಮಡಗಬಾರ್ದು. ನಮ್ಮೂರ ಮನೆ ಲೇಔಟಿಗೆ ಹೋಗೋ ಹಿಂದಿನ ದಿನಾನೂ ನಾನು ದೀಪ ಹಚ್ಚಿದ್ದೆ, ಜೆ.ಸಿ.ಬಿ. ಬಂದು ಹೊರಗೆ ನಿಂತಿತ್ತು." ನನ್ನ ಕಡೆ ತಿರುಗಿದರು. "ಶುಕ್ರವಾರ ಶುಕ್ರವಾರ ಒಸಿ ಬಂದು ಒಂದು ದೀಪ ಹಚ್ಚಿ ಹೋಗ್ತೀಯಾ? ನಿನ್ನ ಬಸ್ಸಿನ ಖರ್ಚು ಇವನು ಕೊಡ್ತಾನೆ."

"ನಾನು ಹಚ್ಚಬಹುದಾ?" ಎಂದೆ.

ಅವರು ನನ್ನ ಹಣೆ ನೋಡಿದರು. "ನಮ್ಮನೇಲಿ ನಾನೇ ಹಚ್ಚೋದು. ಇನ್ಯಾರು ಹಚ್ತಾರೆ? ಒಂದೇ ಮಾತು. ದೀಪ ತಾನಾಗೇ ಶಾಂತ ಆಗ್ಬೇಕು. ಊದಬೇಡ, ಕೈ ಬೀಸಬೇಡ. ಒಳಗೆ ಬೆಂಕಿ ಬಿಟ್ಟು ಬೀಗಾನೂ ಹಾಕಬೇಡ. ಎಣ್ಣೆ ಮುಗಿಯೋ ತನಕ ಕುಂತಿದ್ದು ಬಾ."

ಶಶಿಕುಮಾರ್ ಡ್ರಾಯರಿನಿಂದ ಕೀ ತೆಗೆದುಕೊಟ್ಟರು. ಗೇಟಿನ ಹೊಸ ಕೀಯ ಜೊತೆ, ನಾನು ವಾಪಸ್ಸು ಕೊಟ್ಟಿದ್ದ ಅದೇ ಕೀ. ವಸಿಷ್ಠ ಕಟ್ಟಿದ್ದ ಕೆಂಪು ದಾರ ಇನ್ನೂ ಇತ್ತು.

ಯಾವ ಗೂಡಿನಲ್ಲಿ ಹಚ್ಚಬೇಕೆಂದು ಅವರು ಹೇಳಿರಲಿಲ್ಲ. ಮುಂದಿನ ಮನೆಯನ್ನು ದಾಟಿ ಹಿಂದಕ್ಕೆ ಹೋಗಿ ನಮ್ಮ ಅಡುಗೆಮನೆಯ ಗೂಡಿನಲ್ಲಿ ಹಚ್ಚಿದೆ. ಕರೆಂಟು ಇರಲಿಲ್ಲ. ನಲ್ಲಿಯಲ್ಲಿ ನೀರು ಬರಲಿಲ್ಲ. ಒಲೆ ಇಡುವ ಕಟ್ಟೆಯ ಮೇಲೆ ಮನೆಗೆ ಬಂದ ದಿನ ಉಕ್ಕಿಸಿದ ಹಾಲಿನ ಕಲೆ ಇದ್ದದ್ದು ನನಗೆ ಗೊತ್ತು. ಧೂಳು ಒರೆಸಿದೆ. ಕಲೆ ಇತ್ತು.

ಮೊದಲ ಶುಕ್ರವಾರ ಎಣ್ಣೆ ಬೇಗ ಮುಗಿಯಿತು. ಆರಾಧನಾ ಹೋಂವರ್ಕ್ ಅರ್ಧ ಮಾಡಿದ್ದಳು. ಎದ್ದು ಬಂದೆವು. ಎರಡನೆಯ ಸಲ ದೊಡ್ಡ ಹಣತೆ ತಂದೆ. ಆಮೇಲೆ ಮನೆಯಿಂದ ಬಾಟಲಿಯಲ್ಲಿ ಎಣ್ಣೆ ತರತೊಡಗಿದೆ. ಅದು ತಗ್ಗುತ್ತಿದ್ದ ಹಾಗೆ ಇನ್ನಷ್ಟು ಹಾಕುತ್ತಿದ್ದೆ. ದೀಪ ಉರಿಯುವಷ್ಟು ಹೊತ್ತು ಅಲ್ಲಿರಬಹುದು ಎಂದರೆ ಅಲ್ಲಿರಬಹುದು, ಅಷ್ಟೆ. ಅವಳು ಓದುತ್ತಿದ್ದಳು. ನಾನು ಗೋಡೆಗೆ ಒರಗಿ ಕೂತಿರುತ್ತಿದ್ದೆ. ಅಳು ಬರುತ್ತದೇನೋ ಎಂದುಕೊಂಡಿದ್ದೆ, ಬರಲಿಲ್ಲ. ಬುತ್ತಿ ಬಿಚ್ಚಿ ಊಟವನ್ನೂ ಅಲ್ಲೇ ಮಾಡಿದೆವು. ನೆಲ ತಣ್ಣಗಿತ್ತು, ಅವಳಿಗೆ ಶೀತವಾಯಿತು. ಮುಂದಿನ ವಾರ ಮಾರ್ಕೆಟ್ಟಿನಲ್ಲಿ ಒಂದು ಚಾಪೆ ಕೊಂಡೆ. ಪ್ರತಿ ಸಲ ಹೊತ್ತುಕೊಂಡು ಹೋಗುವುದು ಯಾಕೆಂದು ಅಲ್ಲೇ ಬಾಗಿಲ ಹಿಂದೆ ನಿಲ್ಲಿಸಿದೆ.

ಆಷಾಢದ ಕೊನೆಯ ಶುಕ್ರವಾರ ಶಶಿಕುಮಾರ್ ಬಂದರು. ಆರಾಧನಾ ಚಾಪೆಯ ಮೇಲೆ ಬೋರಲು ಮಲಗಿ ಮಗ್ಗಿ ಬರೆಯುತ್ತಿದ್ದಳು. ಊಟದ ಡಬ್ಬಿ ತೆರೆದಿತ್ತು. ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದರು.

"ಮೇಡಂ, ಈ ಚಾಪೆ?"

"ನನ್ನದು."

"ಇಲ್ಲೇ ಇಟ್ಟಿದೀರಾ?"

"ಹೂಂ."

ಅವರು ಹಣೆ ಒರೆಸಿಕೊಂಡರು. "ಲಾಯರ್ರು ಮೊದಲೇ ಹೇಳವ್ರೆ. ಚಾಪೆ, ಒಲೆ, ಕೊಡ. ಇದ್ರಲ್ಲಿ ಒಂದು ಒಳಗೆ ಬಂದ್ರೂ ಸಾಕು, ಆಮೇಲೆ ಕೋರ್ಟು. ನೀವು ಅಂಥೋರಲ್ಲ, ಗೊತ್ತು. ಕೀ ಕೊಟ್ಟೋರು ನೀವು." ಕೈ ಚಾಚಿದರು. "ಮುಂದಿನ ತಿಂಗಳು ರಿಜಿಸ್ಟ್ರೇಷನ್ ಐತೆ. ಪಾರ್ಟಿ ಬಾಂಬೆಯೋರು. ಕೀ ಇವತ್ತೇ ಬೇಕು."

"ಅವರು ಇರ್ತಾರಾ ಇಲ್ಲಿ?"

"ಇಲ್ಲ ಮೇಡಂ. ಅವ್ರೂ ಸುಮ್ನೆ ಇಟ್ಕೊತಾರೆ."

ಕೀ ಕೊಟ್ಟೆ. ಈ ಸಲ ತಟ್ಟೆ ಇರಲಿಲ್ಲ.

"ಸರಿ, ಹೊರಡೋಣ," ಎಂದರು. ಆಗ ಅವರ ಕಣ್ಣು ಗೂಡಿನ ಮೇಲೆ ಬಿತ್ತು. ದೀಪ ನೆಟ್ಟಗೆ ಉರಿಯುತ್ತಿತ್ತು. ಅವರು ಬರುವ ಸ್ವಲ್ಪ ಮುಂಚೆಯಷ್ಟೇ ಹಣತೆ ತುಂಬಿಸಿದ್ದೆ.

ಮೊಬೈಲ್ ತೆಗೆದರು. "ಅಮ್ಮಾ, ದೀಪ ಇನ್ನೂ ಉರೀತೈತೆ... ಎಷ್ಟು ಹಾಕವ್ರೆ ಅಂತ ನನಗೇನ್ ಗೊತ್ತು... ಒಂದು ಹೂವಿಂದ ಆರಿಸ್ಬಿಟ್ರೆ... ಆಯ್ತು. ಆಯ್ತಮ್ಮ, ಊದಲ್ಲ." ಜೇಬಿಗೆ ಹಾಕಿಕೊಂಡರು. "ಕಾಯ್ಬೇಕಂತೆ."

ಕೂರಲು ಬೇರೇನೂ ಇರಲಿಲ್ಲ. ಅವರು ಶೂ ಬಿಚ್ಚಿ ಚಾಪೆಯ ತುದಿಯಲ್ಲಿ ಕೂತರು. ಆರಾಧನಾ ಪುಸ್ತಕ ಎಳೆದುಕೊಂಡು ಜಾಗ ಮಾಡಿದಳು.

"ಅಂಕಲ್, ನಿಮ್ಮನೆ ಎಲ್ಲಿ?"

"ಯಾವ್ದು ಪುಟ್ಟಿ?"

ಅವಳಿಗೆ ಅರ್ಥವಾಗಲಿಲ್ಲ. ನನ್ನ ಮುಖ ನೋಡಿದಳು. ಬರೆ ಎಂದೆ. ಏಳರ ಮಗ್ಗಿ ಮುಗಿಸಿ ಎಂಟಕ್ಕೆ ಹೋದಳು. ಹೊರಗೆ ಯಾರೋ ಸೊಪ್ಪು ಕೂಗಿಕೊಂಡು ಹೋದರು. ಶಶಿಕುಮಾರ್ ಗಡಿಯಾರ ನೋಡಿಕೊಂಡರು, ಗೋಡೆ ನೋಡಿದರು, ಒಲೆ ಕಟ್ಟೆ ನೋಡಿದರು. ಕೊಂಡು ವರ್ಷದ ಮೇಲಾಗಿದ್ದರೂ ಈ ಕೋಣೆಯಲ್ಲಿ ಅವರು ಕೂತದ್ದು ಇದೇ ಮೊದಲು ಇರಬೇಕು.

"ತಣ್ಣಗೈತೆ ಇಲ್ಲಿ," ಎಂದರು.

"ಹೂಂ. ಮಧ್ಯಾಹ್ನ ಪೂರ್ತಿ ತಣ್ಣಗಿರುತ್ತೆ."

ಎಣ್ಣೆ ಬಾಟಲಿ ನನ್ನ ಚೀಲದಲ್ಲಿತ್ತು. ಅರ್ಧ ತುಂಬಿತ್ತು. ಕೈ ಚೀಲದ ಮೇಲೇ ಇತ್ತು. ಜ್ವಾಲೆ ಸಣ್ಣಗಾಯಿತು, ಒಮ್ಮೆ ನೀಲಿಯಾಯಿತು, ಬತ್ತಿಯ ತುದಿ ಸ್ವಲ್ಪ ಹೊತ್ತು ಕೆಂಪಗಿತ್ತು. ನಾನು ಚೀಲ ತೆರೆಯಲಿಲ್ಲ.

ಅವರು ಎದ್ದು ಮೊಬೈಲಿನ ಬೆಳಕು ಹಿಡಿದರು. ಆ ಬೆಳಕಿನಲ್ಲಿ ಡಬ್ಬಿ ಮುಚ್ಚಿದೆ, ಚಾಪೆ ಸುತ್ತಿದೆ. ಹೊರಗೆ ಬಂದ ಮೇಲೆ ಅವರು ಬೀಗ ಹಾಕಿ ಎರಡು ಸಲ ಎಳೆದು ನೋಡಿದರು. ನಂತರ ಕೀಲಿಯ ಕೆಂಪು ದಾರವನ್ನು ಬಿಚ್ಚಿ, ಏನು ಮಾಡಬೇಕೆಂದು ತಿಳಿಯದೆ, ನನ್ನ ಕೈಗೆ ಕೊಟ್ಟರು.