ಹಿರಿಯರ ಹೂಂ

ಸ್ಪಿರಿಟ್ಟಿನ ವಾಸನೆ ಬಂತು, ಅಂದರೆ ಹತ್ತಿ ತೆಗೆದರು, ಸೂಜಿ ಕುದಿಯುವ ನೀರಿನ ಗುಳುಗುಳು ಇನ್ನೂ ನಿಂತಿಲ್ಲ, ಪಕ್ಕದಲ್ಲಿ ಸೂಗಮ್ಮನ ಉಸಿರು, ಹದಿನಾಲ್ಕು ತುಂಬಿದ ಮಗಳು, ತೋಳು ಹಿಡಿದರೆ ನನ್ನದಕ್ಕಿಂತ ಗಟ್ಟಿ, ಮುಖ ಮಾತ್ರ ನಾನು ಕಂಡವಳಲ್ಲ — ನಿನ್ನೆ ಪೋತ್ನಾಳದ ಗದ್ದೆಯಲ್ಲಿ ತುಕ್ಕು ಹಿಡಿದ ಮೊಳೆ ಅಂಗಾಲಿಗೆ ನೆಟ್ಟಿತು, ಅರಿಶಿನ ಮೆತ್ತಿಕೊಂಡು ಸುಮ್ಮನಿದ್ದಳು, ಬೆಳಗ್ಗೆ ನಾನೇ ಬಸ್ಸು ಹತ್ತಿಸಿ ಮಾನ್ವಿಯ ದವಾಖಾನೆಗೆ ಕರೆತಂದೆ, ಕುರುಡಿ ಕಣ್ಣಿದ್ದಾಕಿನ್ನ ಎಳ್ಕೊಂಡು ಹೊಂಟಾಳ ನೋಡು ಅಂತ ಯಾರೋ ನಕ್ಕರು, ನಗಲಿ, ನಕ್ಕವರ ಹಲ್ಲು ನನಗೇನು ಕಾಣುತ್ತದೆಯೇ. ನರ್ಸ್ ಅಸ್ಮತ್ ಕೇಳುತ್ತಿದ್ದಾಳೆ, ಕನಕಮ್ಮಾ, ಧನುರ್ವಾಯು ಬಂದ್ರ ಹುಡುಗಿ ಉಳಿಯಂಗಿಲ್ರೀ, ಹಾಕ್ಲೇನು, ಹಿರಿಯರು ನೀವು ಹೂಂ ಅನ್ರಿ — ನನಗ ಬ್ಯಾಡ, ಸೂಗಮ್ಮನ ದನಿ, ಅದನ್ನ ಚುಚ್ಚಿಸ್ಕೊಂಡ್ರ ಮುಂದ ಮಕ್ಕಳಾಗಂಗಿಲ್ಲಂತ, ಶಾಲ್ಯಾಗ ಎಲ್ಲಾರೂ ಅಂತಾರ, ಕಾಲು ನಂದು, ನನ್ನ ಕೇಳ್ರಿ.

ನನ್ನ ಕೇಳ್ರಿ, ನಾನೂ ಅಂದಿದ್ದೆ, ಎಪ್ಪತ್ತನೇ ಇಸವಿ, ದೇವದುರ್ಗದ ಕಡೆಯ ನಮ್ಮೂರು, ನನಗೆ ಹದಿನೈದು, ತಮ್ಮ ವೆಂಕೋಬನಿಗೆ ನಾಲ್ಕು, ಅವನ ಮೈಮೇಲೆ ಅಮ್ಮ ಎದ್ದಿದ್ದಳು, ಸಿಡುಬು ಎಂಬ ಮಾತು ಮನೆಯಲ್ಲಿ ಆಡುವಂತಿಲ್ಲ, ಒಗ್ಗರಣೆ ಹಾಕುವಂತಿಲ್ಲ, ಅವನನ್ನು ಹೆಸರು ಹಿಡಿದು ಕರೆಯುವಂತಿಲ್ಲ, ಅಮ್ಮ ಇಳಿಯುವ ತನಕ ಅವನೇ ನಮಗೆ ಯವ್ವಾ. ಹೊಸ್ತಿಲ ಆಚೆ, ಸಿಡುಬು ಬಾರದ ಹಾಗೆ ತೋಳಿಗೆ ಚುಚ್ಚಿ ದಾಕು ಹಾಕುವ ಜಿಲಾನಿ ಪಾಷಾ, ಆಗಲೇ ತೋಳು ಮೇಲೇರಿಸಿ ನಿಂತ ನಾನು, ಹಾಕ್ರಿ ಅಂದೆ, ಅವನು ಮೋರೆ ಸಣ್ಣ ಮಾಡಿದ, ನೀ ಅಂದ್ರ ಆಗಂಗಿಲ್ಲ ಬೇಟಿ, ಮನ್ಯಾಗ ಹಿರಿಯರ್ಯಾರು, ಅಜ್ಜಿ ಒಳಗಿನಿಂದ, ಈಗ ಹಿರ್ಯಾಕಿ ಕೂಸಿನ ಮೈಮ್ಯಾಗ ಬಂದ ದುರುಗಮ್ಮನ, ಆಕಿನ್ನ ಕೇಳಬೇಕು — ನಾಲ್ಕು ವರ್ಷದ ಕೂಸಿನ ಮುಂದೆ ಮೊಣಕಾಲೂರಿ ಕೂತು ಕೈಮುಗಿದು ಕೇಳಿದಳು, ಯವ್ವಾ, ಈ ಹುಡುಗಿಗೆ ದಾಕು ಹಾಕಿಸ್ಲೇನು. ಜ್ವರದ ಮುಖ, ರೆಪ್ಪೆಯ ಮೇಲೆ ಕೂತ ನೊಣ, ಬೇವಿನ ಸೊಪ್ಪಿನ ಮೇಲೆ ಆ ತಲೆ ಹೊರಳಿತು, ಎಡಕ್ಕೆ, ಬಲಕ್ಕೆ. ನೊಣ ಬೇ ಅದು, ನೊಣ ಓಡ್ಸಾಕತ್ತಾನ, ಅಂದೆ. ಬಾಯಿ ಮುಚ್ಚು, ಅಮ್ಮ ಬ್ಯಾಡಂದ್ಲು, ಅಂತ ಅಜ್ಜಿ ನನ್ನ ತೋಳಿನ ಬಟ್ಟೆ ಕೆಳಗಿಳಿಸಿದಳು, ಪ್ರೀತಿಯಿಂದಲೇ ಇಳಿಸಿದಳು, ಅದಕ್ಕೇ ಅವಳನ್ನು ಬೈಯಲೂ ಬಾಯಿ ಬರುವುದಿಲ್ಲ. ಆಮೇಲೆ ನನ್ನ ಮೈ ಉರಿ, ಕಣ್ಣೊಳಗೆ ಖಾರ ಅರೆದ ಹಾಗೆ, ಕತ್ತಲೆ, ವೆಂಕೋಬ ಮಾತ್ರ ಎದ್ದು ಆಡಿದ, ಈಗ ಶಕ್ತಿನಗರದಲ್ಲಿ ಕಂತ್ರಾಟಿನ ಕೆಲಸ, ಮೀಸೆ ಬಿಟ್ಟಿದ್ದಾನಂತೆ, ಅಕ್ಕಾ ನನಗೇನೂ ನೆನಪಿಲ್ಲ ಅನ್ನುತ್ತಾನೆ, ಅವನಿಗೇಕೆ ಇದ್ದೀತು, ಬಂದು ಎದುರು ಕೂತರೆ ನನಗೆ ಮೀಸೆ ಕಾಣುವುದಿಲ್ಲ, ಉಣ್ಣುವಾಗಲೂ ಮಲಗುವಾಗಲೂ ಅದೇ, ಸೊಪ್ಪಿನ ಮೇಲೆ ಹೊರಳುವ ತಲೆ, ಒಂದು ನೊಣದ ಮೇಲೆ ಸಿಟ್ಟು ಇಟ್ಟುಕೊಂಡು ಜೀವಮಾನ ಕಳೆಯುವುದು ಎಂಥ ಬಾಳು.

ನೀರಿನ ಸದ್ದು ನಿಂತಿತು. ಕನಕಮ್ಮಾ, ಹೊತ್ತಾಗಾಕತ್ತದ, ಹೂಂ ಅಂತೀರೋ ಇಲ್ಲೋ — ನನ್ನನ್ನು ಕೇಳಬೇಕಿತ್ತು ಅಂತ ಕತ್ತಲೆಗೆ ಹೇಳಿಕೊಳ್ಳುತ್ತಲೇ ಬಂದವಳು ನಾನು, ಇವಳನ್ನು ಕೇಳಿದರೆ ಬ್ಯಾಡ ಅನ್ನುತ್ತಾಳೆ, ನನಗೆ ಅವತ್ತು ಬೇಕಾಗಿದ್ದು ಏನು, ಕೇಳಿಸಿಕೊಳ್ಳುವವರೋ, ಸೂಜಿಯೋ, ಅಜ್ಜಿಗೂ ನಾನು ಉಳಿಯಲಿ ಅಂತಲೇ ಇತ್ತಲ್ಲ, ನಾಳೆ ಇವಳ ದವಡೆ ಕಚ್ಚಿಕೊಂಡರೆ, ಬಿಲ್ಲಿನ ಹಾಗೆ ಬೆನ್ನು ಸೆಟೆದರೆ, ಬ್ಯಾಡ ಅಂದಿದ್ದಳು ಅಂತ ಯಾರಿಗೆ ಹೇಳಲಿ, ಇವಳು ಹೋದರೆ ನನಗಿನ್ನು ಯಾರು — ಹೂಂ. ನನ್ನ ಬಾಯಿಂದಲೇ ಬಂತು. ತೋಳು ಗಟ್ಟಿ ಹಿಡ್ಕೋರಿ, ಅಂದಳು ಅಸ್ಮತ್, ಹಿಡಿದೆ, ಎರಡೂ ಕೈಯಿಂದ ಅಪ್ಪಿ ಹಿಡಿದೆ, ಯವ್ವಾ ಬಿಡು, ಬ್ಯಾಡಂದ್ನೆಲ್ಲಾ, ನಿನಗ ಕೇಳಸವಲ್ದೇನು, ಕೇಳಿಸುತ್ತದೆ ಮಗಳೇ, ಕೇಳಿಸುವುದೊಂದೇ ನನಗಿರುವುದು, ಅವಳ ತಲೆ ನನ್ನ ಎದೆಗೆ ಒತ್ತಿ ಹೊರಳುತ್ತಿದೆ, ಎಡಕ್ಕೆ, ಬಲಕ್ಕೆ, ಬೇವಿನ ಸೊಪ್ಪು ಅದೇ, ವೆಂಕೋಬ ಅಲ್ಲಿಲ್ಲ, ಮುಖವಿಲ್ಲದ ತಲೆ, ಎಡಕ್ಕೆ, ಬಲಕ್ಕೆ, ಇದರ ಮೇಲೆ ನೊಣವಿಲ್ಲ, ಎಡಕ್ಕೆ, ಬಲಕ್ಕೆ, ನೊಣವಿಲ್ಲ